ತೀರ್ಥಹಳ್ಳಿಯ ಒಂದು ಮನೆಗೆ ಗಟ್ಟಿಂಗ್ ಯಂತ್ರ ಬಂದ ಬಗೆ: ಒಂದು ಪ್ರಕರಣ ಅಧ್ಯಯನ

ತೀರ್ಥಹಳ್ಳಿ ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಅಂಚಿನಲ್ಲಿರುವ ನಮ್ಮ ಮನೆಗೆ 2023ರ ನವೆಂಬರ್ ತಿಂಗಳಲ್ಲಿ ಬ್ಯಾಡ್ಮಿಂಟನ್ ರ‍್ಯಾಕೆಟ್‌ಗೆ ಗಟ್, ಅಂದರೆ ಶಟಲ್ಲಿಗೆ ಹೊಡೆಯುವ ಬಿಗಿ ಎಳೆಗಳನ್ನು, ಹಾಕುವ ಯಂತ್ರವೊಂದು ಬಂದಿತು. ಅದನ್ನು ಕೊಳ್ಳುವ ತೀರ್ಮಾನಕ್ಕೆ ನಾವು ಹೇಗೆ ಬಂದೆವು, ಹಲವು ಬಗೆಗಳಲ್ಲಿ ಅದೊಂದನ್ನೇ ಏಕೆ ಆರಿಸಿದೆವು, ಅಂದಿನಿಂದ ಕಳೆದ ಎರಡು ಮಳೆಗಾಲಗಳಲ್ಲಿ ಏನೇನಾಯಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಇಂಥ ಯಂತ್ರ ಕೊಳ್ಳುವವರು ಸಾಮಾನ್ಯವಾಗಿ ಅದು ಗಟ್ಟನ್ನು ಹೇಗೆ ಎಳೆಯುತ್ತದೆ ಎಂಬುದನ್ನೇ ಮೊದಲು ವಿಚಾರಿಸುತ್ತಾರೆ. ರ‍್ಯಾಕೆಟ್ಟನ್ನೂ ಎಳೆದ ಗಟ್ಟನ್ನೂ ಅದು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು ಎಂಬುದು ಈ ಪ್ರಕರಣದಿಂದ ನನಗೆ ಮನದಟ್ಟಾದ ವಿಷಯ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಆಡುವವರು ನನ್ನ ತಮ್ಮನ ಮಕ್ಕಳು. ಆಗ ಮಗಳಿಗೆ ಹದಿನಾರು, ಮಗನಿಗೆ ಹದಿಮೂರು ವರ್ಷ.

ನಮ್ಮ ಕಡೆ ಆಡುವವರು ಯಾರೂ ತಂತಿ ಕಟ್ಟಿಸುವುದು ಎನ್ನುವುದಿಲ್ಲ, ಗಟ್ಟಿಂಗ್ ಮಾಡಿಸುವುದು ಎನ್ನುತ್ತಾರೆ. ಹಿಂದೆ ಪ್ರಾಣಿಗಳ ಕರುಳಿನಿಂದ ಮಾಡುತ್ತಿದ್ದ ಎಳೆಗೆ ಇದ್ದ ಹೆಸರು ನೈಲಾನ್ ಬಂದ ಮೇಲೂ ಉಳಿದುಕೊಂಡಿದೆ. ನಾನು ಕಾಲೇಜಿನಲ್ಲಿದ್ದಾಗ ಬಾಲ್ ಬ್ಯಾಡ್ಮಿಂಟನ್ನಿನ ಮರದ ಬ್ಯಾಟುಗಳಿಗೆ ದಬ್ಬಳ ಮತ್ತು ಮರದ ಗೂಟ ಹಿಡಿದು ಬರಿಗೈಯಲ್ಲೇ ಗಟ್ ಬಿಗಿಯುವವರಿದ್ದರು. ದಪ್ಪ ಮರದ ಚೌಕಟ್ಟು ಅದನ್ನು ತಾಳುತ್ತಿತ್ತು. ಈಗಿನ ಕಾರ್ಬನ್ ನಾರಿನ ಶಟಲ್ ರ‍್ಯಾಕೆಟ್ ಹಾಗಲ್ಲ. ಮಕ್ಕಳು ಬಳಸುವ 4ಯು ಎಂಬ ದರ್ಜೆಯದು 80ರಿಂದ 85 ಗ್ರಾಂ ತೂಗುತ್ತದೆ. ಅದರಲ್ಲಿ 22 ಉದ್ದದ ಎಳೆಗಳಿವೆ. ಒಂದೊಂದನ್ನೂ 24 ಪೌಂಡಿನಷ್ಟು, ಅಂದರೆ ಸುಮಾರು 10.9 ಕಿಲೋ ಭಾರಕ್ಕೆ ಸಮನಾಗಿ ಎಳೆದರೆ, ಉದ್ದದ ಎಳೆಗಳು ಮುಗಿಯುವ ಹೊತ್ತಿಗೆ ಚೌಕಟ್ಟಿನ ತಲೆಯನ್ನೂ ಬುಡವನ್ನೂ ಒಂದರತ್ತ ಒಂದು ಜಗ್ಗುವ ಒಟ್ಟು ಬಲ 240 ಕಿಲೋಗೆ ಮುಟ್ಟುತ್ತದೆ. ಅಂಗೈಯಲ್ಲಿ ಹಗುರಾಗಿ ಕೂರುವ ಆ ಬಳೆಯಂಥ ಚೌಕಟ್ಟು ಹೊರುವುದು ಹತ್ತಿರ ಹತ್ತಿರ ಐದು ಸಿಮೆಂಟ್ ಚೀಲಗಳ ಭಾರವನ್ನು.

ತೊಂದರೆ ಎಲ್ಲಿತ್ತು

ನಮಗೆ ಗಟ್ಟಿಂಗ್ ಮಾಡಿಸಲು ಇದ್ದ ದಾರಿ ಶಿವಮೊಗ್ಗ ಒಂದೇ. ಅರವತ್ತು ಕಿಲೋಮೀಟರ್ ದೂರದ ಆ ಕೆಲಸಕ್ಕೆ ಪ್ರತಿ ಸಲ ಯಾರೂ ಹೋಗಿ ಬರಲಾಗುವುದಿಲ್ಲ. ಮಲೆನಾಡಿನಲ್ಲಿ ಎಲ್ಲರೂ ಮಾಡುವಂತೆ ನಾವೂ ರ‍್ಯಾಕೆಟ್ಟನ್ನು ಚೀಲಕ್ಕೆ ಹಾಕಿ, ಹೆಸರು ಬರೆದು, ಬೆಳಗಿನ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆವು. ಮಂಡಗದ್ದೆ, ಗಾಜನೂರು ದಾಟಿ ಅದು ಶಿವಮೊಗ್ಗದ ಬಸ್ ನಿಲ್ದಾಣ ಮುಟ್ಟಿದ ಮೇಲೆ ಅಂಗಡಿಯ ಹುಡುಗ ಬಂದು ಒಯ್ಯಬೇಕು, ಗಟ್ ಹಾಕಿ ಮುಗಿದ ಮೇಲೆ ಮತ್ತೆ ಅದೇ ಬಸ್ಸಿಗೆ ತಂದು ಕೊಡಬೇಕು. ತಮ್ಮನ ಹೆಂಡತಿ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದರ ಲೆಕ್ಕವನ್ನೂ ಬರೆದಿಟ್ಟಿದ್ದಳು. ಅದರ ಪ್ರಕಾರ 2022ರ ಜೂನ್‌ನಿಂದ 2023ರ ಮೇ ವರೆಗೆ, ಐದು ರ‍್ಯಾಕೆಟ್‌ಗಳಿಗೆ ಒಟ್ಟು 38 ಸಲ ಗಟ್ಟಿಂಗ್ ಆಗಿತ್ತು. ಗಟ್ಟಿಗೆ 450 ರೂಪಾಯಿ, ಕೂಲಿ 150 ರೂಪಾಯಿ ಹಿಡಿದರೆ ವರ್ಷದ ಖರ್ಚು 22,800 ರೂಪಾಯಿ.

ಖರ್ಚಿಗಿಂತ ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಮಗಳ ಬಳಿ ಒಂದೇ ಮಾದರಿಯ ಎರಡು ರ‍್ಯಾಕೆಟ್‌ಗಳಿವೆ. ಎರಡಕ್ಕೂ ಯೋನೆಕ್ಸ್‌ನ ಬಿಜಿ 65 ಎಂಬ, 0.70 ಮಿಲಿಮೀಟರ್ ದಪ್ಪದ ಗಟ್ಟನ್ನೇ ಹಾಕಿಸುತ್ತಿದ್ದೆವು. ಒಂದು ಸಲ ಎರಡೂ ಒಂದೇ ದಿನ, 24 ಪೌಂಡು ಎಂದು ಬರೆದ ಚೀಟಿಯೊಂದಿಗೆ ಹೋಗಿ, ಒಂದೇ ದಿನ ಮರಳಿದವು. ಆಡಿ ನೋಡಿದ ಅವಳು, “ದೊಡ್ಡಪ್ಪ, ಇವೆರಡೂ ಒಂದೇ ಅಲ್ಲ” ಎಂದಳು. ಅವಳು ಸಂಗೀತ ಕಲಿಯುತ್ತಿರುವ ಹುಡುಗಿ. ಒಂದರ ಚೌಕಟ್ಟಿನಿಂದ ಇನ್ನೊಂದರ ಗಟ್ಟನ್ನು ಮೆಲ್ಲಗೆ ತಟ್ಟಿ, ಆ ನಾದವನ್ನು ಮೊಬೈಲಿನ ಶ್ರುತಿ ಅಳೆಯುವ ಆ್ಯಪ್‌ಗೆ ಕೇಳಿಸಿದಳು. ಎರಡರ ನಡುವೆ ಸುಮಾರು ಒಂದು ಸ್ವರಸ್ಥಾನದ ಅಂತರವಿತ್ತು. ಎಳೆಯ ಕಂಪನದ ಆವೃತ್ತಿ ಅದರ ಎಳೆತದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ, ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳಲ್ಲಿ ಒಂದರಷ್ಟು ನಾದ ಇಳಿದಿದೆ ಎಂದರೆ ಎಳೆತ ನೂರಕ್ಕೆ ಹನ್ನೊಂದರಷ್ಟು ಕಡಿಮೆಯಾಗಿದೆ ಎಂದರ್ಥ. ಒಂದು 24 ಪೌಂಡು ಇದ್ದಿದ್ದರೆ ಇನ್ನೊಂದು ಇಪ್ಪತ್ತೊಂದೂವರೆಯ ಆಸುಪಾಸಿನಲ್ಲಿತ್ತು. ನೆಟ್ಟಿನ ಬಳಿ ಮೃದುವಾಗಿ ಶಟಲ್ ಇಳಿಸುವುದನ್ನು ತಿಂಗಳುಗಟ್ಟಲೆ ಕೈಗೆ ರೂಢಿ ಮಾಡಿಕೊಂಡವಳಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಪಂದ್ಯದ ನಡುವೆ ಒಂದು ಗಟ್ ಹರಿದು ಇನ್ನೊಂದನ್ನು ಎತ್ತಿಕೊಂಡಾಗ ಅವಳ ಹೊಡೆತ ಎಲ್ಲಿ ಬೀಳುತ್ತದೆಂಬುದು ಅವಳ ಕೈಯಲ್ಲೇ ಉಳಿಯುವುದಿಲ್ಲ.

2023ರ ಆಗಸ್ಟ್‌ನಲ್ಲಿ ಮಗನ ರ‍್ಯಾಕೆಟ್ಟಿನ ಚೌಕಟ್ಟೇ ಬಿರುಕು ಬಿಟ್ಟು ಮರಳಿತು. ಗಡಿಯಾರದ ಮುಖಕ್ಕೆ ಹೋಲಿಸಿದರೆ ಹತ್ತು ಗಂಟೆಯ ಜಾಗದಲ್ಲಿ, ಬಣ್ಣದ ಅಡಿಯಿಂದ ಕೂದಲೆಳೆಯಷ್ಟು ಸಪೂರವಾದ ಬಿಳಿಯ ಗೆರೆ ಎದ್ದಿತ್ತು. ಉಗುರಿನಿಂದ ಒತ್ತಿದರೆ ಕಿರ್ ಎನ್ನುತ್ತಿತ್ತು. ಹುಡುಗ ನೆಲಕ್ಕೆ ಬಡಿದಿರಬೇಕು ಎಂದು ಅಂಗಡಿಯವರು ಹೇಳಿದರು, ಬಡಿದಿಲ್ಲ ಎಂದು ಅವನು ಕಣ್ಣೀರು ತುಂಬಿಕೊಂಡು ಹೇಳಿದ. ನಾನು ಅವನ ಮಾತನ್ನು ನಂಬಿದೆ. ಆದರೂ ಅಂಗಡಿಯ ಮೇಲೆ ತಪ್ಪು ಹೊರಿಸುವ ಮೊದಲು ನಮ್ಮ ಕಡೆಯಿಂದ ಆದ ಲೋಪವನ್ನು ಒಪ್ಪಿಕೊಳ್ಳಬೇಕು. ಆ ಗಟ್ ಹರಿದದ್ದು ಗುರುವಾರ. ಉಳಿದ ಎಳೆಗಳನ್ನು ಕತ್ತರಿಸದೆ ಹಾಗೆಯೇ ಇಟ್ಟು, ಶನಿವಾರ ಬಸ್ಸಿಗೆ ಕೊಟ್ಟೆವು. ಒಂದು ಕಡೆ ಎಳೆ ಸಡಿಲಾಗಿ, ಉಳಿದ ಕಡೆ ಪೂರ್ತಿ ಬಿಗಿ ಇದ್ದಾಗ ಚೌಕಟ್ಟಿನ ಮೇಲಿನ ಬಲ ಸಮತೋಲನ ಕಳೆದುಕೊಳ್ಳುತ್ತದೆ. ಹರಿದ ಕೂಡಲೇ ನಡುವಿನಿಂದ ಶುರುಮಾಡಿ, ಉದ್ದ ಅಡ್ಡ ಎರಡನ್ನೂ ಸಮಸಮವಾಗಿ ಕತ್ತರಿಸಿ ಚೌಕಟ್ಟಿಗೆ ಬಿಡುಗಡೆ ಕೊಡಬೇಕು. ಆ ವಿಷಯ ಆಗ ನಮಗೆ ಗೊತ್ತಿರಲಿಲ್ಲ. ಈ ಬರಹ ಓದಿದವರು ಯಂತ್ರ ಕೊಳ್ಳಲಿ ಬಿಡಲಿ, ಇದೊಂದನ್ನು ಇಂದಿನಿಂದಲೇ ಪಾಲಿಸಬೇಕೆಂದು ನನ್ನ ವಿನಂತಿ. ಒಂದು ಕತ್ತರಿ, ಅರ್ಧ ನಿಮಿಷ ಸಾಕು.

ಮನೆಯೊಳಗಿನ ಚರ್ಚೆ

ಯಂತ್ರ ಕೊಳ್ಳುವ ಮಾತು ಎತ್ತಿದಾಗ ತಮ್ಮ ಮೊದಲು ಒಪ್ಪಲಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇತ್ತು. ನಾವು ನೋಡಿಟ್ಟಿದ್ದ ಯಂತ್ರಕ್ಕೆ 32,000, ಸಲಕರಣೆಗಳಿಗೆ 2,500, ಸಾಗಾಟಕ್ಕೆ 1,000, ಒಟ್ಟು 35,500 ರೂಪಾಯಿ. ಬಿಡಿ ಗಟ್ಟಿನ ಬದಲು 200 ಮೀಟರಿನ ಸುರುಳಿ ಕೊಂಡರೆ ಅದರಲ್ಲಿ ಹತ್ತು ಮೀಟರಿನಂತೆ ಇಪ್ಪತ್ತು ರ‍್ಯಾಕೆಟ್‌ಗಳಿಗೆ ಆಗುತ್ತದೆ. ನಮಗೆ ಸಿಕ್ಕಿದ ಬೆಲೆಯಲ್ಲಿ ಒಂದಕ್ಕೆ 300 ರೂಪಾಯಿ ಬೀಳುತ್ತಿತ್ತು. ಕೂಲಿಯೂ ಉಳಿಯುವುದರಿಂದ ಒಂದು ಗಟ್ಟಿಂಗಿಗೆ 300 ರೂಪಾಯಿ ಉಳಿತಾಯ. ವರ್ಷಕ್ಕೆ 38 ಎಂದರೆ 11,400 ರೂಪಾಯಿ. ಹಾಕಿದ ಹಣ ಮರಳಲು ಮೂರು ವರ್ಷಕ್ಕೂ ತುಸು ಹೆಚ್ಚು ಬೇಕು.

“ಇನ್ನೆರಡು ವರ್ಷಕ್ಕೆ ಮಗಳು ಓದಕ್ಕೆ ಅಂತ ಹೊರಗೆ ಹೋಗ್ತಾಳೆ, ಅಣ್ಣಯ್ಯ. ಆಮೇಲೆ ಇದನ್ನ ಇಟ್ಕಂಡು ಎಂತ ಮಾಡದು?” ಎಂದು ಅವನು ಕೇಳಿದ.

ಅದಕ್ಕೆ ಉತ್ತರ ಕೊಟ್ಟವಳು ಅವನ ಹೆಂಡತಿ. “ದುಡ್ಡಿನ ಲೆಕ್ಕ ಹಾಗಿರ್ಲಿ ಭಾವ, ಬ್ಯಾಟು ಹೋಗಿ ಬರಕ್ಕೆ ಎಷ್ಟು ದಿನ ಹಿಡಿತು ಅಂತ ಒಂದ್ಸಲ ಕೂಡಿ ನೋಡಿ” ಎಂದು ಪುಸ್ತಕವನ್ನು ನನ್ನ ಮುಂದಿಟ್ಟಳು. ಹೋದ ದಿನ, ಬಂದ ದಿನ ಎರಡನ್ನೂ ಅವಳು ಗುರುತು ಹಾಕಿದ್ದಳು. ಒಂದು ರ‍್ಯಾಕೆಟ್ ಸರಾಸರಿ ನಾಲ್ಕು ದಿನ ಮನೆಯಿಂದ ಹೊರಗಿರುತ್ತಿತ್ತು. ಮೂವತ್ತೆಂಟು ಸಲಕ್ಕೆ ಕೂಡಿದರೆ ನೂರೈವತ್ತು ದಿನಗಳಿಗೂ ಮೇಲಾಯಿತು. ಹಣದ ಲೆಕ್ಕವೊಂದನ್ನೇ ಹಿಡಿದಿದ್ದರೆ ನಾವು ಯಂತ್ರ ಕೊಳ್ಳುತ್ತಿರಲಿಲ್ಲ. ವರ್ಷಕ್ಕೆ ಹತ್ತು ಹನ್ನೆರಡು ಸಲ ಮಾತ್ರ ಗಟ್ ಹಾಕಿಸುವ ಮನೆಯವರು ಕೊಳ್ಳಬಾರದೆಂದೇ ನನ್ನ ಅಭಿಪ್ರಾಯ. ಅವರು ಅದೇ ಹಣದಲ್ಲಿ ಇನ್ನೊಂದು ರ‍್ಯಾಕೆಟ್ ಕೊಂಡಿಟ್ಟುಕೊಳ್ಳುವುದು ಲೇಸು.

ಯಾವ ಬಗೆಯದು?

ಗಟ್ಟನ್ನು ಎಳೆಯುವ ವಿಧಾನದ ಮೇಲೆ ಯಂತ್ರಗಳಲ್ಲಿ ಮೂರು ಬಗೆ. ಒಂದರಲ್ಲಿ ಉದ್ದನೆಯ ಸರಳಿನ ಮೇಲೆ ಜರುಗುವ ತೂಕದ ಗುಂಡು ಇರುತ್ತದೆ, ಗುಂಡಿನ ಭಾರವೇ ಗಟ್ಟನ್ನು ಎಳೆಯುತ್ತದೆ. ಇನ್ನೊಂದರಲ್ಲಿ ಕೈಯಿಂದ ಹಿಡಿಕೆ ತಿರುಗಿಸುತ್ತಾ ಹೋದರೆ ಒಳಗಿನ ಸ್ಪ್ರಿಂಗು ನಿಗದಿಪಡಿಸಿದ ಎಳೆತ ಬಂದ ಕೂಡಲೇ ಟಕ್ಕೆಂದು ಬೀಗ ಬೀಳುತ್ತದೆ. ಮೂರನೆಯದು ವಿದ್ಯುತ್ ಮೋಟಾರಿನದು. ಅದಕ್ಕೆ ನಮಗೆ ಹೇಳಿದ ಬೆಲೆ ಬೇರೆಯವಕ್ಕಿಂತ ದುಪ್ಪಟ್ಟಿಗೂ ಹೆಚ್ಚು. ಬೆಲೆಯನ್ನು ಬದಿಗಿಟ್ಟರೂ, ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಮರ ಬಿದ್ದು ಎರಡೆರಡು ದಿನ ಕರೆಂಟು ಹೋಗುವ ನಮ್ಮೂರಿನಲ್ಲಿ, ಉದ್ದದ ಎಳೆಗಳು ಮುಗಿದು ಅಡ್ಡದವು ಶುರುವಾಗುವ ಹೊತ್ತಿಗೆ ವಿದ್ಯುತ್ ಕೈಕೊಟ್ಟರೆ ಏನು ಗತಿ ಎಂಬುದೊಂದೇ ಅದನ್ನು ಕೈಬಿಡಲು ಸಾಕಾಯಿತು. ಚೌಕಟ್ಟಿಗೆ ಅತ್ಯಂತ ಅಪಾಯದ ಗಳಿಗೆ ಅದೇ. ಅಷ್ಟು ಹೊತ್ತಿಗೆ 240 ಕಿಲೋ ಬಲ ಉದ್ದಕ್ಕೆ ಮಾತ್ರ ಜಗ್ಗುತ್ತಿರುತ್ತದೆ, ಅಡ್ಡಕ್ಕೆ ಸಮತೂಕದ ಬಲ ಇನ್ನೂ ಬಂದಿರುವುದಿಲ್ಲ.

ಹಿಡಿಕೆ ತಿರುಗಿಸುವ ಯಂತ್ರವನ್ನು ಶಿವಮೊಗ್ಗದ ವಿನೋಬನಗರದಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಒಂದು ಸಂಜೆ ನೋಡಿದೆವು. ಸಾಮಾನು ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿಯೊಂದನ್ನು ನಾನು ಜೊತೆಗೆ ಒಯ್ದಿದ್ದೆ. ಗಟ್ಟಿನ ತುಂಡೊಂದನ್ನು ಅದರ ಕೊಕ್ಕೆಗೆ ಕಟ್ಟಿ, ಇನ್ನೊಂದು ತುದಿಯನ್ನು ಯಂತ್ರದ ಹಿಡಿತಕ್ಕೆ ಕೊಟ್ಟು ಎಳೆಸಿದಾಗ 10.9 ಕಿಲೋ ತೋರಿಸಿ ಬೀಗ ಬಿತ್ತು. ನಾವು ನೋಡುತ್ತಿದ್ದಂತೆ ಅಂಕಿ 10.8, 10.6 ಎಂದು ಇಳಿಯುತ್ತಾ 10.4ಕ್ಕೆ ನಿಂತಿತು. ಇದು ಯಂತ್ರದ ದೋಷವಲ್ಲ. ಬೀಗ ಬಿದ್ದ ಮೇಲೂ ನೈಲಾನ್ ನಿಧಾನವಾಗಿ ಹಿಗ್ಗುತ್ತದೆ. ಹಿಗ್ಗಿದಷ್ಟನ್ನು ಮತ್ತೆ ಎಳೆದುಕೊಳ್ಳುವ ಏರ್ಪಾಡು ಆ ಬಗೆಯ ಯಂತ್ರದಲ್ಲಿಲ್ಲ. ಗುಂಡಿನ ಯಂತ್ರದಲ್ಲಿ ಗಟ್ ಹಿಗ್ಗಿದರೆ ಸರಳು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಭಾರ ಮಾತ್ರ ಹಾಗೆಯೇ ಇರುತ್ತದೆ. ಅತಿ ಅಗ್ಗದ ಬಗೆಯಲ್ಲಿ ಸಿಗುವ ಈ ಗುಣ ನನಗೆ ಬಹಳ ಮೆಚ್ಚುಗೆಯಾಯಿತು.

ಗುಂಡಿನ ಯಂತ್ರಗಳಲ್ಲೂ 14,000 ರೂಪಾಯಿಯ ಚಿಕ್ಕದೊಂದು ಇತ್ತು, 32,000 ರೂಪಾಯಿಯದೂ ಇತ್ತು. ಎರಡರಲ್ಲೂ ಎಳೆಯುವ ಭಾಗ ಹೆಚ್ಚುಕಡಿಮೆ ಒಂದೇ, ಹಿಡಿಯುವ ಭಾಗ ಬೇರೆ. ಚಿಕ್ಕದು ರ‍್ಯಾಕೆಟ್ಟನ್ನು ತಲೆ ಮತ್ತು ಬುಡ ಎಂಬ ಎರಡೇ ಜಾಗಗಳಲ್ಲಿ ಹಿಡಿಯುತ್ತಿತ್ತು. ಉದ್ದದ ಎಳೆಗಳು ಬಿಗಿಯಾದಂತೆ ಚೌಕಟ್ಟು ಮೇಲಿನಿಂದ ಕೆಳಕ್ಕೆ ಕುಗ್ಗಿ ಪಕ್ಕಕ್ಕೆ ಉಬ್ಬಲು ನೋಡುತ್ತದೆ, ಉಬ್ಬುವ ಹೆಗಲುಗಳಿಗೆ ಅಲ್ಲಿ ಯಾವ ಆಸರೆಯೂ ಇರುವುದಿಲ್ಲ. ಮಗನ ರ‍್ಯಾಕೆಟ್ ಬಿರುಕು ಬಿಟ್ಟದ್ದು ಸರಿಯಾಗಿ ಹೆಗಲಿನಲ್ಲೇ. ದೊಡ್ಡದರಲ್ಲಿ ಆರು ಹಿಡಿತಗಳಿದ್ದವು: ಎರಡು ಒಳಗಿನಿಂದ ತಲೆ ಬುಡಗಳಿಗೆ, ನಾಲ್ಕು ಹೊರಗಿನಿಂದ ಹೆಗಲುಗಳಿಗೆ.

ಕ್ಲ್ಯಾಂಪುಗಳ ವಿಷಯವೂ ಹೀಗೆಯೇ. ಎಳೆದ ಎಳೆಯನ್ನು ಮುಂದಿನದು ಎಳೆಯುವವರೆಗೆ ಕಚ್ಚಿ ಹಿಡಿಯುವ ಚಿಮ್ಮಟ ಅದು. ಚಿಕ್ಕ ಯಂತ್ರದಲ್ಲಿ ಅದು ಬಿಡಿಯಾಗಿದ್ದು, ಪಕ್ಕದ ಎಳೆಯನ್ನೇ ಆಧಾರವಾಗಿ ಹಿಡಿದು ನಿಲ್ಲುತ್ತದೆ. ಎಳೆತ ಬಿಟ್ಟ ಕೂಡಲೇ ಒಂದೆರಡು ಮಿಲಿಮೀಟರ್ ಓಲುತ್ತದೆ, ಅಷ್ಟು ಎಳೆತ ಅಲ್ಲೇ ಕಳೆದುಹೋಗುತ್ತದೆ. ಪ್ರತಿ ಎಳೆಯಲ್ಲೂ ಒಂದೇ ಸಮ ಕಳೆದರೆ ಚಿಂತೆಯಿರಲಿಲ್ಲ. ಅದು ಕೈಯ ಹದದ ಮೇಲೆ ನಿಂತ ಮಾತಾದ್ದರಿಂದ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ನಾವು ಯಂತ್ರ ಕೊಳ್ಳಲು ಹೊರಟಿದ್ದೇ ಪ್ರತಿ ಸಲ ಒಂದೇ ಎಳೆತ ಬರಲಿ ಎಂದು. ಹೀಗಿರುವಾಗ ಆ ಒಂದು ಗುಣವನ್ನೇ ಬಿಟ್ಟುಕೊಟ್ಟು 18,000 ರೂಪಾಯಿ ಉಳಿಸುವುದು ನನಗೆ ಸರಿಕಾಣಲಿಲ್ಲ. ದೊಡ್ಡದರ ಕ್ಲ್ಯಾಂಪುಗಳು ರ‍್ಯಾಕೆಟ್ ಕೂರುವ ತಿರುಗುವ ತಟ್ಟೆಗೇ ಜೋಡಿಸಿದ ಕಂಬಗಳ ಮೇಲೆ ಕೂತಿರುತ್ತವೆ. ಟೆನಿಸ್ಸಿಗೂ ಬ್ಯಾಡ್ಮಿಂಟನ್ನಿಗೂ ಆಗುತ್ತದೆಂದು ಮಾರುವ ಯಂತ್ರಗಳಲ್ಲಿ ಕ್ಲ್ಯಾಂಪಿನ ಹಲ್ಲುಗಳು ಬ್ಯಾಡ್ಮಿಂಟನ್ನಿನ ಒತ್ತೊತ್ತಾದ ಎಳೆಗಳ ನಡುವೆ ತೂರುತ್ತವೆಯೇ ಎಂದು ಪರೀಕ್ಷಿಸಿಯೇ ಕೊಳ್ಳಬೇಕು. ನಾವು ಗಟ್ ಹಾಕಿದ ರ‍್ಯಾಕೆಟ್ಟನ್ನೇ ಒಯ್ದು ಹಲ್ಲು ತೂರಿಸಿ ನೋಡಿದೆವು.

ಯಂತ್ರ ಬಂದ ಮೇಲೆ

ಲಾರಿ ಪಾರ್ಸೆಲ್ಲಿನಲ್ಲಿ ಬಂದ ಪೆಟ್ಟಿಗೆಯನ್ನು ಬಿಚ್ಚಿ, ಜಗಲಿಯ ಪಕ್ಕದ ಕೋಣೆಯಲ್ಲಿದ್ದ ಹಲಸಿನ ಮರದ ಮೇಜಿನ ಮೇಲೆ ಕೂರಿಸಿದೆವು. ಗಟ್ ಹಾಕುವ ಮೊದಲು ಎಳೆತದ ಗುರುತುಗಳನ್ನು ಪರೀಕ್ಷಿಸಬೇಕಿತ್ತು. ಅದಕ್ಕೆ ಮೊದಲು ಕೊಕ್ಕೆ ತಕ್ಕಡಿಯನ್ನೇ ಪರೀಕ್ಷಿಸಿದೆವು. ಅಡಿಕೆ ತೂಗುವ, ಮುದ್ರೆ ಒತ್ತಿದ ಐದು ಕಿಲೋದ ಎರಡು ಬಟ್ಟುಗಳನ್ನು ತೂಗುಹಾಕಿದಾಗ ಅದು 10.0 ತೋರಿಸಿತು. ಯಂತ್ರದ ಗುಂಡನ್ನು 24ರ ಗುರುತಿಗೆ ತಂದು ಎಳೆದಾಗ ತಕ್ಕಡಿ ತೋರಿಸಿದ್ದು 10.3 ಕಿಲೋ, ಅಂದರೆ 22.7 ಪೌಂಡು. ಮೂರು ಸಲ ಎಳೆದರೂ ಅಷ್ಟೇ. ಆಗ ನಾವು ಸರಳಿನ ಮೇಲಿನ ಮುದ್ರಿತ ಗುರುತುಗಳನ್ನು ಬಿಟ್ಟು, ತಕ್ಕಡಿ 10.0 ತೋರಿಸಿದಲ್ಲಿ 22, 10.9 ತೋರಿಸಿದಲ್ಲಿ 24, 11.8 ತೋರಿಸಿದಲ್ಲಿ 26 ಎಂದು ಕೆಂಪು ಬಣ್ಣದ ಸಣ್ಣ ಗೆರೆಗಳನ್ನು ಎಳೆದೆವು. ಹೊಸ ಯಂತ್ರ ಕೊಂಡ ಯಾರೇ ಆಗಲಿ, ಮೊದಲ ದಿನ ಈ ಅರ್ಧ ಗಂಟೆಯನ್ನು ತಪ್ಪದೆ ಮೀಸಲಿಡಬೇಕು.

ಸರಳು ಎಷ್ಟು ಮಟ್ಟಸವಾಗಿ ನಿಲ್ಲಬೇಕು ಎಂಬುದು ಹೊಸಬರನ್ನು ತುಂಬ ಕಾಡುತ್ತದೆ. ಇದು ಸನ್ನೆಕೋಲಿನ ತತ್ವ, ಓರೆಯಾದಷ್ಟೂ ಬಲ ಆ ಕೋನದ ಕೊಸೈನಿನಂತೆ ಕಡಿಮೆಯಾಗುತ್ತದೆ. ಐದು ಡಿಗ್ರಿ ಓರೆಯಾದರೆ ಕಳೆಯುವುದು ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಹತ್ತು ಡಿಗ್ರಿಗೆ 24 ಪೌಂಡು 23.6 ಆಗುತ್ತದೆ. ಇಪ್ಪತ್ತು ಡಿಗ್ರಿಗೆ 22.6ಕ್ಕೆ ಇಳಿಯುತ್ತದೆ, ಅದು ಕೈಗೆ ಗೊತ್ತಾಗುವಷ್ಟು. ಮೊದಮೊದಲು ನಮ್ಮ ಸರಳು ಇಪ್ಪತ್ತು ಡಿಗ್ರಿಯಲ್ಲೇ ನಿಲ್ಲುತ್ತಿತ್ತು. ಗಟ್ಟನ್ನು ಹಿಡಿತಕ್ಕೆ ಕೊಡುವ ಮೊದಲು ಎಷ್ಟು ಸಡಿಲ ಬಿಡಬೇಕೆಂಬ ಅಂದಾಜು ಬರಲು ಹತ್ತು ರ‍್ಯಾಕೆಟ್‌ಗಳು ಬೇಕಾದವು.

ಮೊದಲ ಗಟ್ಟಿಂಗಿಗೆ ಮೂರೂವರೆ ಗಂಟೆ ಹಿಡಿಯಿತು. ಉದ್ದದ ಎಳೆಗಳು ನೇಕಾರರ ಹಾಸು, ಅಡ್ಡದವು ಹೊಕ್ಕು. ಒಂದರ ಮೇಲೆ, ಒಂದರ ಕೆಳಗೆ ಎಂದು ಹೆಣೆಯುತ್ತಾ ಹೋಗುವಾಗ ಏಳನೆಯ ಅಡ್ಡ ಎಳೆಯಲ್ಲಿ ಎರಡರ ಮೇಲೆ ಹಾಯ್ದದ್ದು ನಮ್ಮ ಕಣ್ಣಿಗೆ ಬಿದ್ದದ್ದು ಹದಿಮೂರನೆಯದರಲ್ಲಿ. ಆರು ಎಳೆ ಬಿಚ್ಚಿ ಮತ್ತೆ ಹಾಕಿದೆವು. ಅಡ್ಡದ ಎಳೆಯನ್ನು ಭರದಿಂದ ಎಳೆದರೆ ಉದ್ದದ ಎಳೆಗೆ ಉಜ್ಜಿ ಬಿಸಿಯಾಗಿ ಮೇಲ್ಪದರ ಸುಟ್ಟ ಗೆರೆ ಬೀಳುತ್ತದೆ. ಎಳೆಯುವಾಗ ಗಟ್ಟನ್ನು ಬಿಲ್ಲಿನಂತೆ ಬಾಗಿಸಿ, ಉಜ್ಜುವ ಜಾಗವನ್ನು ಬದಲಿಸುತ್ತಾ ಹೋಗಬೇಕು. ಇದನ್ನು ಮಗಳು ತಾನೇ ಕಂಡುಕೊಂಡಳು. ಅಡ್ಡದ ಎಳೆಗಳನ್ನು ಉದ್ದದವಕ್ಕಿಂತ ಎರಡು ಪೌಂಡು ಹೆಚ್ಚು ಬಿಗಿಯುತ್ತೇವೆ, ಉದ್ದಕ್ಕೆ 24, ಅಡ್ಡಕ್ಕೆ 26. ಹೆಣಿಗೆಯ ಘರ್ಷಣೆಯಲ್ಲಿ ಕಳೆಯುವುದನ್ನು ತುಂಬಿಕೊಡಲು, ಪಕ್ಕಕ್ಕೆ ಉಬ್ಬಿದ ಚೌಕಟ್ಟನ್ನು ಮೊದಲಿನ ಆಕಾರಕ್ಕೆ ತರಲು ಇದು ಬೇಕು. ಗಟ್ ಹಾಕುವ ಮೊದಲೂ ಹಾಕಿದ ಮೇಲೂ ಚೌಕಟ್ಟಿನ ಉದ್ದ ಅಗಲಗಳನ್ನು ಅಳೆದು ಬರೆದುಕೊಳ್ಳುತ್ತೇವೆ. ಅಂತರ ಒಂದು ಮಿಲಿಮೀಟರಿನೊಳಗೆ ಇದ್ದರೆ ನೆಮ್ಮದಿ.

ಒಂದು ತಪ್ಪನ್ನು ವಿವರವಾಗಿ ಹೇಳಬೇಕು. ಅಂಗಡಿಯಲ್ಲಿ 24 ಎಂದು ಹಾಕಿಸುತ್ತಿದ್ದ ಮಗನಿಗೆ ನಾವೂ 24ಕ್ಕೇ ಹಾಕಿಕೊಟ್ಟೆವು. “ಹಲಗೆ ಹಿಡಿದು ಆಡಿದ ಹಾಗಾಗ್ತದೆ ದೊಡ್ಡಪ್ಪ” ಎಂದು ಎರಡೇ ದಿನಕ್ಕೆ ಹೇಳಿದ, ಒಂಬತ್ತನೆಯ ದಿನ ಗಟ್ ಹರಿಯಿತು. ಅಂಗಡಿಯದರಂಥ ಬೀಗ ಬೀಳುವ ಯಂತ್ರದಲ್ಲಿ 24 ಪೌಂಡಿಗೆ ಎಳೆದದ್ದು ಗಟ್ಟಿನಲ್ಲಿ ಉಳಿಯುವಾಗ ಇಪ್ಪತ್ಮೂರಕ್ಕೂ ಕೆಳಗಿರುತ್ತದೆ ಎಂಬುದನ್ನು ವಿನೋಬನಗರದಲ್ಲಿ ಕಣ್ಣಾರೆ ಕಂಡಿದ್ದರೂ, ಆ ಅರಿವನ್ನು ಇಲ್ಲಿಗೆ ಅನ್ವಯಿಸಲು ನಾನು ಮರೆತಿದ್ದೆ. ಅವನಿಗೆ 22ಕ್ಕೆ ಇಳಿಸಿದ ಮೇಲೆ ಹಲಗೆ ಎಂಬ ಮಾತು ಮತ್ತೆ ಬರಲಿಲ್ಲ. ಅಂಗಡಿಯಿಂದ ಮನೆಯ ಗುಂಡಿನ ಯಂತ್ರಕ್ಕೆ ಬದಲಾಗುವವರು ಮೊದಲ ಸಲ ಒಂದೆರಡು ಪೌಂಡು ಕಡಿಮೆ ಮಾಡಿಕೊಂಡೇ ಶುರುಮಾಡುವುದು ಒಳ್ಳೆಯದು. ಚೌಕಟ್ಟಿನ ಮೇಲೆ ಮುದ್ರಿಸಿದ ಮಿತಿಯನ್ನು ಯಾವ ಕಾರಣಕ್ಕೂ ದಾಟಬಾರದು.

ಮಳೆಗಾಲ

ನಮ್ಮ ಸೀಮೆಯಲ್ಲಿ ಆಷಾಢ ಬಂತೆಂದರೆ ಚರ್ಮದ ಚಪ್ಪಲಿಗೆ ಬೂಸ್ಟು, ಕಬ್ಬಿಣಕ್ಕೆ ತುಕ್ಕು. 2024ರ ಜುಲೈನಲ್ಲಿ ಕ್ಲ್ಯಾಂಪಿನ ಕಂಬಗಳು ಜಾರುವ ಹಳಿಯ ಮೇಲೆ ಕಂದು ಚುಕ್ಕೆಗಳು ಕಂಡವು. ಯಂತ್ರಕ್ಕೆ ನಾವು ದಪ್ಪ ಬಟ್ಟೆಯ ಹೊದಿಕೆ ಹಾಕಿ ಮುಚ್ಚಿದ್ದೆವು. ಅದು ತೇವವನ್ನು ಒಳಗೇ ಹಿಡಿದಿಟ್ಟಿತ್ತು. ಹೊದಿಕೆ ತೆಗೆದು, ಯಂತ್ರವನ್ನು ಗೋಡೆಯ ಬೀರುವಿಗೆ ಸರಿಸಿ, ಒಳಗೊಂದು ಜೀರೋ ವಾಟಿನ ಬಲ್ಬು ಉರಿಸಲು ಶುರುಮಾಡಿದ ಮೇಲೆ ತುಕ್ಕು ಮತ್ತೆ ಬರಲಿಲ್ಲ. ಕರೆಂಟು ಇರುವಷ್ಟು ಹೊತ್ತು ಉರಿದರೂ ಸಾಕಾಗುತ್ತದೆ. ಹಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಯಲ್ಲಿ ಸವರುತ್ತೇವೆ. ಕ್ಲ್ಯಾಂಪಿನ ಹಲ್ಲಿಗೆ ಮಾತ್ರ ಎಣ್ಣೆ ಸೋಕಬಾರದು, ಸೋಕಿದರೆ ಗಟ್ ಜಾರುತ್ತದೆ. ಹಲ್ಲುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತೇವೆ. ನೈಲಾನ್ ತೇವ ಹೀರುವ ವಸ್ತುವಾದ್ದರಿಂದ ಗಟ್ಟಿನ ಸುರುಳಿಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇವೆ. ಅಡಿಕೆಯ ಹಾಗೆ ಅದನ್ನೂ ಅಟ್ಟದ ಬಿಸಿಗೆ ಇಡೋಣವೇ ಎಂದು ತಮ್ಮ ಕೇಳಿದ್ದ. ಬಿಸಿಯೂ ಅದಕ್ಕೆ ಆಗದು ಎಂದು ಬೇಡವೆಂದೆ.

ಡಿಸೆಂಬರ್ 2023ರಿಂದ ನವೆಂಬರ್ 2024ರ ವರೆಗೆ ನಮ್ಮದು 43, ಅಕ್ಕಪಕ್ಕದ ಮಕ್ಕಳದು 11, ಒಟ್ಟು 54 ರ‍್ಯಾಕೆಟ್‌ಗಳಿಗೆ ಗಟ್ ಹಾಕಿದೆವು. ಚೌಕಟ್ಟು ಒಂದೂ ಒಡೆಯಲಿಲ್ಲ. ಎರಡು ಸಲ ಕ್ಲ್ಯಾಂಪು ಜಾರಿ ಗಟ್ ಹಾಳಾಯಿತು. ಎರಡೂ ಸಲ ಹಿಡಿತದ ತಿರುಪನ್ನು ಗಟ್ಟಿನ ದಪ್ಪಕ್ಕೆ ಸರಿಯಾಗಿ ಹೊಂದಿಸದೆ ಇದ್ದದ್ದು ಕಾರಣ. ಈಗ ಒಂದು ಗಟ್ಟಿಂಗಿಗೆ ಒಂದು ಗಂಟೆ ಹತ್ತು ನಿಮಿಷ. ಮಗಳ ಎರಡು ರ‍್ಯಾಕೆಟ್‌ಗಳ ನಾದವನ್ನು ಹಾಕಿದ ದಿನ ಅಳೆದರೆ ಅಂತರ ಆ್ಯಪಿನ ಮುಳ್ಳು ಅಲುಗಾಡುವಷ್ಟೇ. ಹೊರಗಿನವರಿಂದ ಕೂಲಿ ತೆಗೆದುಕೊಳ್ಳಬೇಕೇ ಎಂಬ ಮಾತು ಬಂದಾಗ, ಗಟ್ ಅವರೇ ತರಲಿ, ನೂರು ರೂಪಾಯಿ ಕೊಡಲಿ ಎಂದು ತಮ್ಮನೇ ನಿಶ್ಚಯಿಸಿದ. ಬಿರುಕಿರುವ ರ‍್ಯಾಕೆಟ್ಟನ್ನು ಯಂತ್ರಕ್ಕೆ ಏರಿಸುವುದಿಲ್ಲ ಎಂಬ ನಿಯಮ ನನ್ನದು. ಅದಕ್ಕಾಗಿ ಪ್ರತಿ ಚೌಕಟ್ಟನ್ನೂ ಮೊದಲು ಟಾರ್ಚ್ ಹಿಡಿದು ಸುತ್ತಲೂ ನೋಡುತ್ತೇನೆ. ಹಾಗೆ ನೋಡುವಾಗಲೇ ಗ್ರೋಮೆಟ್‌ಗಳೂ ಕಣ್ಣಿಗೆ ಬೀಳುತ್ತವೆ. ಗಟ್ ಹಾಯುವ ತೂತುಗಳಿಗೆ ತೊಡಿಸಿದ ಆ ಪ್ಲಾಸ್ಟಿಕ್ ಕೊಳವೆ ಸೀಳಿದ್ದರೆ ಗಟ್ ಅಲ್ಲೇ ಚೌಕಟ್ಟಿನ ಅಂಚಿಗೆ ಉಜ್ಜಿ ಹರಿಯುತ್ತದೆ. ಮಗನ ಗಟ್ ಪದೇ ಪದೇ ಒಂದೇ ಜಾಗದಲ್ಲಿ ಹರಿಯುತ್ತಿದ್ದುದಕ್ಕೆ ಅಂಥದೊಂದು ಸೀಳಿದ ಗ್ರೋಮೆಟ್ ಕಾರಣವಾಗಿತ್ತು. ಅದನ್ನು ಬದಲಿಸಿದ ಮೇಲೆ ಅವನ ಗಟ್ ಎರಡು ವಾರ ಹೆಚ್ಚು ಬಾಳುತ್ತಿದೆ.

ಮಗಳು 2025ರ ಜೂನ್‌ನಿಂದ ಶಿವಮೊಗ್ಗದಲ್ಲಿ ಪದವಿ ಓದುತ್ತಿದ್ದಾಳೆ. ಅವಳ ಹಾಸ್ಟೆಲ್ಲಿನಿಂದ ಗಟ್ಟಿಂಗ್ ಅಂಗಡಿಗೆ ನಡೆದುಹೋಗಬಹುದಾದರೂ, ಗಟ್ ಹರಿದ ಕೂಡಲೇ ಉಳಿದ ಎಳೆಗಳನ್ನೆಲ್ಲ ಕತ್ತರಿಸಿ, ರ‍್ಯಾಕೆಟ್ಟನ್ನು ಸಂಜೆಯ ಬಸ್ಸಿಗೆ ಕೊಡುತ್ತಾಳೆ. ಕಳೆದ ಶುಕ್ರವಾರ ಬಂದ ಚೀಲದಲ್ಲಿ ಹಿಡಿಕೆಗೆ ದಾರ ಸುತ್ತಿ ಕಟ್ಟಿದ ಚೀಟಿಯೊಂದಿತ್ತು: “24, 26. ಎಡ ಹೆಗಲಿನ ಮೂರನೇ ಗ್ರೋಮೆಟ್ ಒಂದ್ಸಲ ನೋಡಿ ದೊಡ್ಡಪ್ಪ. ಭಾನುವಾರ ಪಂದ್ಯ ಇದೆ, ನಾಳೆ ಮಧ್ಯಾಹ್ನದ ಬಸ್ಸಿಗೆ ಕೊಟ್ಟರೆ ಸಾಕು.”